ಹತ್ತು ತುತ್ತಿನ ಊಟ

ಟೋಕಿಯೊ ನಗರದ ಪೂರ್ವದಂಚಿಗೆ ಎದೊಗಾವಾ ವಾರ್ಡ್ ಇದೆ. ಅಲ್ಲಿನ ಹಳೆಯ ಅಂಗಡಿ ಬೀದಿಯೊಂದರಲ್ಲಿ, ಬಟ್ಟೆ ಇಸ್ತ್ರಿಯ ಅಂಗಡಿಗೂ ತೋಫು ಮಾರುವ ಅಂಗಡಿಗೂ ನಡುವೆ, ಎರಡಂತಸ್ತಿನ ಕಿರಿದಾದ ಮನೆಯೊಂದಿದೆ. ಕೆಳಗೆ ಸುಶಿ ಅಂಗಡಿ, ಮೇಲೆ ಅದನ್ನು ನಡೆಸುವ ವಯಸ್ಸಾದ ದಂಪತಿಯ ವಾಸ. ಬಾಗಿಲಿಗೆ ನೀಲಿ ಬಟ್ಟೆಯ ನೋರೆನ್ ಪರದೆ. ಒಳಗೆ ಮರದ ಕೌಂಟರಿನ ಮುಂದೆ ಎಂಟು ಆಸನ, ಗೋಡೆಯ ಪಕ್ಕ ಎರಡು ಮೇಜು. ಹೊರಗಿನ ಹಲಗೆಯಲ್ಲಿ ಕುಂಚದ ಬರಹ: ಮಧ್ಯಾಹ್ನದ ನಿಗಿರಿ, 1,200 ಯೆನ್. ಅಂದರೆ 700 ರೂಪಾಯಿಯ ಆಸುಪಾಸು. ಟೋಕಿಯೊದಲ್ಲಿ ಕಚೇರಿಗೆ ಹೋಗುವವರು ಮಧ್ಯಾಹ್ನದ ಊಟಕ್ಕೆ ಸಲೀಸಾಗಿ ಕೊಡುವ ಬೆಲೆ. ಅಷ್ಟಕ್ಕೆ ಏಳು ನಿಗಿರಿ, ಮೂರು ತುಂಡು ಸುರುಳಿ, ಒಂದು ಬಟ್ಟಲು ಮಿಸೊ ಸಾರು, ಕುಡಿದಷ್ಟೂ ಬಿಸಿ ಚಹಾ.

ಇಂಥ ಅಂಗಡಿಗಳಿಗೆ ಜಪಾನೀಯರು ಮಾಚಿ-ಝುಶಿ ಅನ್ನುತ್ತಾರೆ. ಕೇರಿಯ ಸುಶಿ ಅಂಗಡಿ ಎಂದುಕೊಳ್ಳೋಣ. ಹೊರಗಿನ ಜಗತ್ತಿಗೆ ಇವುಗಳ ಪರಿಚಯ ಕಡಿಮೆ. ಸುಶಿ ಎಂದರೆ ನಮಗೆ ನೆನಪಾಗುವುದು ಗಿಂಜಾದ ನೆಲಮಾಳಿಗೆಯಲ್ಲಿ ಹತ್ತು ಆಸನದ ಅಂಗಡಿ ಇಟ್ಟುಕೊಂಡು, 2007ರಲ್ಲಿ ಮಿಶೆಲಿನ್‌ನ ಮೂರು ತಾರೆ ಪಡೆದ ಜಿರೊ ಒನೊ. 2011ರ ‘ಜಿರೊ ಡ್ರೀಮ್ಸ್ ಆಫ್ ಸುಶಿ’ ಸಾಕ್ಷ್ಯಚಿತ್ರ ಅವರನ್ನು ಮನೆಮಾತು ಮಾಡಿತು. ಅವರ ಸಾಧನೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಚಿತ್ರದ ನಂತರ ಒಂದು ತಪ್ಪು ಕಲ್ಪನೆ ಬೇರೂರಿತು: ಒಳ್ಳೆಯ ಸುಶಿ ಎಂದರೆ ದುಬಾರಿ, ಅಗ್ಗದ್ದು ಅದರ ಕಳಪೆ ನಕಲು ಎಂದು. ಕೇರಿಯ ಅಂಗಡಿಯ ಕೌಂಟರಿನಲ್ಲಿ ಕೂತು ತಿಂದವರಿಗೆ ವಿಷಯ ತಿರುಗುಮುರುಗಾಗಿ ಕಾಣುತ್ತದೆ. ಸುಶಿ ಹುಟ್ಟಿದ್ದೇ ಅಗ್ಗದ ತಿಂಡಿಯಾಗಿ. ಅಗ್ಗದ ಮೀನನ್ನು ರುಚಿಕಟ್ಟಾಗಿಸುವುದೇ ಆ ಕಸುಬಿನ ತಿರುಳು, ಮತ್ತು ಆ ತಿರುಳು ಇವತ್ತಿಗೂ ಗಟ್ಟಿಯಾಗಿ ಉಳಿದಿರುವುದು ಇಂಥ ಅಂಗಡಿಗಳಲ್ಲಿ.

ತೀರಾ ಹಳೆಯ ಸುಶಿ ಇಂದಿನದನ್ನು ಸ್ವಲ್ಪವೂ ಹೋಲುವುದಿಲ್ಲ. ಮೀನನ್ನು ಉಪ್ಪು ಹಚ್ಚಿ, ಅನ್ನದ ಪದರಗಳ ನಡುವೆ ಒತ್ತಿ, ತಿಂಗಳುಗಟ್ಟಲೆ ಹುಳಿ ಬರಿಸುತ್ತಿದ್ದರು. ಅನ್ನ ಕೊಳೆತು ಹುಳಿಯಾಗುತ್ತಿತ್ತು, ಆ ಹುಳಿ ಮೀನನ್ನು ಕೆಡದಂತೆ ಕಾಯುತ್ತಿತ್ತು. ತಿನ್ನುವಾಗ ಅನ್ನ ಕೆರೆದು ಎಸೆದು ಮೀನನ್ನಷ್ಟೇ ತಿನ್ನುವುದು. ಶಿಗಾ ಪ್ರಾಂತ್ಯದ ಬಿವಾ ಸರೋವರದ ಸುತ್ತ ಫುನಾಝುಶಿ ಎಂಬ ಹೆಸರಿನಲ್ಲಿ ಇದು ಇನ್ನೂ ಉಳಿದಿದೆ. ಕಾಲ ಸರಿದಂತೆ ಜನಕ್ಕೆ ಕಾಯುವ ತಾಳ್ಮೆ ಕಡಿಮೆಯಾಯಿತು. ಹುಳಿ ಬರುವ ತನಕ ಕಾಯದೆ ಅನ್ನಕ್ಕೇ ವಿನೆಗರ್ ಬೆರೆಸಿದರು. 19ನೇ ಶತಮಾನದ ಮೊದಲ ದಶಕಗಳಲ್ಲಿ ಎದೊ ಪಟ್ಟಣದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಆ ಹುಳಿಯನ್ನವನ್ನು ಕೈಯಲ್ಲೇ ಒತ್ತಿ ಮೇಲೆ ಮೀನಿಟ್ಟು ಆಗಿಂದಾಗಲೇ ಕೊಡುವ ನಿಗಿರಿ ಬಂತು. ಅದರ ಕೀರ್ತಿ ಸಾಮಾನ್ಯವಾಗಿ ರ್ಯೋಗೊಕುವಿನ ಹನಾಯಾ ಯೊಹೇಯಿ (1799–1858) ಅವರಿಗೆ ಸಲ್ಲುತ್ತದೆ.

ಆಗಿನ ಎದೊ ಕೂಲಿಕಾರರ, ಬಡಗಿಗಳ, ಒಂಟಿ ಗಂಡಸರ ಊರು. ಎಲ್ಲರಿಗೂ ಅವಸರ. ಬೀದಿ ಬದಿಯ ಗಾಡಿಯ ಮುಂದೆ ನಿಂತು, ಎರಡು ಮೂರು ತುಂಡು ಕೈಯಲ್ಲೇ ತಿಂದು, ಚಹಾ ಕುಡಿದು ಹೋಗುವುದು ರೂಢಿ. ಬೆಂಗಳೂರಿನ ದರ್ಶಿನಿಯಲ್ಲಿ ನಿಂತು ಇಡ್ಲಿ-ವಡೆ ತಿಂದು ಕಚೇರಿಗೆ ಓಡುವವರಿಗೆ ಆ ದೃಶ್ಯ ಹೊಸದೆನಿಸದು. ಕಿತಾಗಾವಾ ಮೊರಿಸಾದಾ ಅವರು 1837ರಿಂದ ಬರೆಯತೊಡಗಿದ ‘ಮೊರಿಸಾದಾ ಮಂಕೋ’ ಎಂಬ ಜನಜೀವನದ ದಾಖಲೆಯಲ್ಲಿ ಸುಶಿಯ ಬೆಲೆಯೂ ಇದೆ: ಒಂದಕ್ಕೆ 8 ಮೊನ್. ಒಂದು ಬಟ್ಟಲು ಸೋಬಾ ಶಾವಿಗೆಗೆ ಆಗ 16 ಮೊನ್. ಆ ನಿಗಿರಿ ಈಗಿನದರ ಎರಡು ಮೂರು ಪಟ್ಟು ದೊಡ್ಡದಾಗಿತ್ತು, ಎರಡು ತಿಂದರೆ ಹಸಿವು ಅಡಗುತ್ತಿತ್ತು. ದುಬಾರಿ ಸುಶಿ ಆಗಲೂ ಇರಲಿಲ್ಲವೆಂದಲ್ಲ. 1840ರ ದಶಕದ ಆರಂಭದಲ್ಲಿ ಸರ್ಕಾರ ಆಡಂಬರವನ್ನು ಹತ್ತಿಕ್ಕಲು ಹೊರಟಾಗ ಬೆಲೆಬಾಳುವ ಸುಶಿ ಮಾರಿದ ಅನೇಕ ವ್ಯಾಪಾರಿಗಳಿಗೆ ಶಿಕ್ಷೆಯಾಯಿತು. ಅಗ್ಗದ ಗಾಡಿ, ಶ್ರೀಮಂತರ ಅಂಗಡಿ ಎಂಬ ಎರಡು ದಾರಿ ಆಗಲೇ ಕವಲೊಡೆದಿದ್ದವು.

ಐಸ್ ಇಲ್ಲದ ಕಾಲ ಅದು. ಟೋಕಿಯೊ ಕೊಲ್ಲಿಯಲ್ಲಿ ಬೆಳಿಗ್ಗೆ ಹಿಡಿದ ಮೀನು ಸಂಜೆಯ ತನಕ ಉಳಿಯಬೇಕು. ಹಾಗಾಗಿ ಹಸಿ ಮೀನನ್ನು ಹಾಗೆಯೇ ಕೊಡುವ ಮಾತೇ ಇರಲಿಲ್ಲ. ಟ್ಯೂನಾವನ್ನು ಸೋಯಾ ಸಾಸಿನಲ್ಲಿ ನೆನೆಸುತ್ತಿದ್ದರು, ಅನಾಗೊ ಎಂಬ ಹಾವುಮೀನನ್ನು ಬೇಯಿಸುತ್ತಿದ್ದರು, ಸಿಗಡಿಯನ್ನು ಕುದಿಸುತ್ತಿದ್ದರು, ಬಂಗುಡೆಯ ಜಾತಿಯ ಮೀನಿಗೆ ಉಪ್ಪು ಮತ್ತು ವಿನೆಗರ್ ಹಿಡಿಸುತ್ತಿದ್ದರು. ಕಸುಬಿನವರು ಇದನ್ನೆಲ್ಲ ಒಟ್ಟಾಗಿ ಶಿಗೊತೊ, ಅಂದರೆ ‘ಕೆಲಸ’ ಎನ್ನುತ್ತಾರೆ. ಕೆಲಸ ಮಾಡಿದ ಮೀನು, ಕೆಲಸ ಮಾಡದ ಮೀನು. ಈ ಒಂದು ಪದ ಗೊತ್ತಿದ್ದರೆ ಯಾವ ಸುಶಿ ಅಂಗಡಿಯನ್ನಾದರೂ ಅಳೆಯಬಹುದು.

ಅಳೆಯಲು ತಕ್ಕ ಮೀನು ಕೊಹಾದ. ಹೆರ್ರಿಂಗ್ ಬಳಗದ ಪುಟ್ಟ ಮೀನು ಅದು. ಬೆನ್ನು ನೀಲಿ-ಬೆಳ್ಳಿ, ಮೈತುಂಬ ಸಣ್ಣ ಕಪ್ಪು ಚುಕ್ಕೆ, ಒಳಗೆ ಲೆಕ್ಕವಿಲ್ಲದಷ್ಟು ಎಳೆಮುಳ್ಳು. ಹಾಗೇ ಸುಟ್ಟು ತಿಂದರೆ ಯಾರೂ ಎರಡನೇ ಸಲ ಕೇಳರು. ಬೆಳಿಗ್ಗೆ ಮಾರುಕಟ್ಟೆಯಿಂದ ಬಂದ ಕೂಡಲೇ ಈ ಕೇರಿಯ ಅಂಗಡಿಯ ತೈಶೋ (ಬಾಣಸಿಗ-ಮಾಲೀಕರನ್ನು ಎಲ್ಲರೂ ಕರೆಯುವುದು ಹೀಗೇ) ಅದರ ಹುರುಪೆ ಕೆರೆದು, ತಲೆ ತೆಗೆದು, ಹೊಟ್ಟೆಯ ಕಡೆಯಿಂದ ಪುಸ್ತಕದಂತೆ ಬಿಡಿಸಿ ನಡುಮುಳ್ಳು ಕೀಳುತ್ತಾರೆ. ಬಿದಿರಿನ ಜರಡಿಯ ಮೇಲೆ ಉಪ್ಪು ಉದುರಿಸಿ, ಮೀನುಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ಮೇಲೆ ಮತ್ತೆ ಉಪ್ಪು. ಎಷ್ಟು ಹೊತ್ತು ಬಿಡಬೇಕೆಂಬುದಕ್ಕೆ ಗಡಿಯಾರ ಮಾತ್ರ ಸಾಲದು. ಮೀನು ದಪ್ಪಗಿದ್ದರೆ ಹೆಚ್ಚು, ಕೊಬ್ಬಿದ್ದರೆ ಇನ್ನೂ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಬೆರಳಿನಿಂದ ಒತ್ತಿ, ಮೈ ಬಿಗಿದದ್ದನ್ನು ನೋಡಿಯೇ ಉಪ್ಪು ತೊಳೆಯುತ್ತಾರೆ. ಆಮೇಲೆ ಹಳೆಯ ವಿನೆಗರ್‌ನಲ್ಲಿ ಒಮ್ಮೆ ಅದ್ದಿ ತೆಗೆದು, ಹೊಸ ವಿನೆಗರ್‌ನಲ್ಲಿ ನೆನೆಸಿ, ಸೋರಲು ಬಿಟ್ಟು, ಒಂದು ದಿನವಾದರೂ ಶೀತಪೆಟ್ಟಿಗೆಯಲ್ಲಿಡುತ್ತಾರೆ. ಆಗ ಹುಳಿಯ ಮೊನಚು ಇಳಿದು ಉಪ್ಪು, ಹುಳಿ, ಮೀನಿನ ಎಣ್ಣೆ ಮೂರೂ ಒಂದಾಗುತ್ತವೆ. ಎಳೆಮುಳ್ಳುಗಳು ಮೆದುವಾಗಿ ನಾಲಿಗೆಗೆ ತಾಗುವುದೇ ಇಲ್ಲ. ಅಗ್ಗದ ಮೀನು, ಎರಡು ದಿನದ ಕೆಲಸ, ಒಂದು ತುತ್ತು. ಈ ಬೀದಿಯ ಅಂಗಡಿಯ ಕೊಹಾದ ತಿಂದ ಮೇಲೆ ನನಗೆ ಟ್ಯೂನಾದ ಕೊಬ್ಬಿನ ಹೊಟ್ಟೆಭಾಗದ ಮೇಲಿನ ಮೋಹ ಬಹಳ ಮಟ್ಟಿಗೆ ಕಳಚಿತು. ಟ್ಯೂನಾದ ಬೆಲೆ ಅಂಗಡಿಯವರ ಜೇಬನ್ನು ಹೇಳುತ್ತದೆ, ಕೊಹಾದ ಅವರ ಕೈಯನ್ನು ಹೇಳುತ್ತದೆ.

ಕೊಹಾದದ ಮರಿಗೆ ಶಿಂಕೊ ಎನ್ನುತ್ತಾರೆ. ಬೇಸಿಗೆಯ ಮೊದಲ ಶಿಂಕೊಗೆ ಮಾರುಕಟ್ಟೆಯಲ್ಲಿ ಕಿತ್ತಾಟವೇ ನಡೆಯುತ್ತದೆ, ಬೆಲೆ ಗಗನಕ್ಕೇರುತ್ತದೆ. ಬೆಳೆಯುತ್ತಾ ಹೋದಂತೆ ಮೀನಿನ ಹೆಸರೂ ಬದಲಾಗಿ ಬೆಲೆ ಇಳಿಯುತ್ತದೆ. ಕೇರಿಯ ಅಂಗಡಿಯವರು ಆ ಮೊದಲ ವಾರದ ಗದ್ದಲಕ್ಕೆ ಹೋಗುವುದಿಲ್ಲ; ಕಾಯುತ್ತಾರೆ.

ಇನ್ನು ಅನ್ನ. ಸುಶಿಯಲ್ಲಿ ಮೀನಿಗಿಂತ ಅನ್ನ ದೊಡ್ಡದು ಎಂದು ಜಪಾನಿನ ಬಾಣಸಿಗರು ಹೇಳುತ್ತಾರೆ. ತಿಂದು ನೋಡಿದರೆ ಒಪ್ಪಲೇಬೇಕು. ಗಿಡ್ಡ ಕಾಳಿನ ಜಪಾನಿ ಅಕ್ಕಿಯನ್ನು ನೀರು ತುಸು ಕಡಿಮೆ ಹಾಕಿ ಬೇಯಿಸಿ, ಹಂಗಿರಿ ಎಂಬ ಅಗಲವಾದ ಮರದ ಪಾತ್ರೆಗೆ ಸುರಿದು, ಬಿಸಿ ಇರುವಾಗಲೇ ವಿನೆಗರ್, ಉಪ್ಪು, ಸಕ್ಕರೆಯ ಮಿಶ್ರಣ ಹೊಯ್ಯುತ್ತಾರೆ. ಮರದ ಸಟ್ಟುಗವನ್ನು ಓರೆಯಾಗಿ ಹಿಡಿದು ಅನ್ನವನ್ನು ‘ಕತ್ತರಿಸುತ್ತಾರೆ’, ಕಲಸುವುದಿಲ್ಲ. ಕಲಸಿದರೆ ಮುದ್ದೆ. ಬೀಸಣಿಗೆಯಿಂದ ಗಾಳಿ ಹಾಕಿದಾಗ ಕಾಳಿನ ಮೈ ಹೊಳೆಯುತ್ತದೆ. ಬಡಿಸುವಾಗ ಅದು ಮೈ ಬೆಚ್ಚಗಿನಷ್ಟೇ ಬಿಸಿ ಇರಬೇಕು. ತಣ್ಣನೆಯ ಮೀನು, ಬೆಚ್ಚನೆಯ ಅನ್ನ. ಸೂಪರ್ ಮಾರುಕಟ್ಟೆಯ ಪೆಟ್ಟಿಗೆ ಸುಶಿಯಲ್ಲಿ ಸಿಗದೇ ಇರುವುದು ಇದೇ.

ತೈಶೋ ಕೈಯನ್ನು ಗಮನಿಸಿ ನೋಡಿದರೆ ನಿಗಿರಿ ಆಗುವುದು ಐದಾರು ಚಲನೆಯಲ್ಲಿ. ಬೆರಳು ವಿನೆಗರ್ ನೀರಿಗೆ ತಾಗಿ ಬರುತ್ತದೆ, ಬಲಗೈ ಅನ್ನ ತೆಗೆದು ದುಂಡಗಾಗಿಸುತ್ತದೆ, ಎಡಗೈಯಲ್ಲಿ ಮೀನಿನ ಹೋಳು ಮಲಗುತ್ತದೆ, ತೋರುಬೆರಳು ವಸಾಬಿ ಸವರುತ್ತದೆ, ಅನ್ನ ಮೇಲೆ ಬಂದು ಒಂದು ಒತ್ತು, ಹೊರಳಿಸಿ ಇನ್ನೊಂದು. ಕೌಂಟರಿನ ಮೇಲೆ ಇಟ್ಟಾಗ ಸುಶಿ ಕಂಡೂ ಕಾಣದಷ್ಟು ಕುಸಿಯುತ್ತದೆ. ಅನ್ನದ ನಡುವೆ ಗಾಳಿ ಇದೆ ಎಂಬುದಕ್ಕೆ ಅದು ಗುರುತು. ಬಾಯಲ್ಲಿಟ್ಟ ಕೂಡಲೇ ಕಾಳು ಬಿಡಿಬಿಡಿಯಾಗಬೇಕು, ಬೆರಳಿನಲ್ಲಿ ಹಿಡಿದಾಗ ಬಿಡಬಾರದು. ಇದಿಷ್ಟನ್ನು ಕಲಿಯಲು ವರ್ಷಗಳು ಬೇಕೆಂದರೆ ನಂಬುವುದು ಕಷ್ಟವಲ್ಲ.

ಊಟದ ಪ್ರಮಾಣ ಹತ್ತು ತುಂಡು ಎಂದು ಗೊತ್ತಾಗಿರುವುದರ ಹಿಂದೆ ಹಸಿವಿನ ಕತೆಯೊಂದಿದೆ. ಎರಡನೇ ಮಹಾಯುದ್ಧ ಮುಗಿದು ಜಪಾನಿನಲ್ಲಿ ಅಕ್ಕಿಗೆ ಹಾಹಾಕಾರ. 1947ರ ಜುಲೈಯಲ್ಲಿ ಸರ್ಕಾರ ಹೋಟೆಲುಗಳನ್ನೇ ಮುಚ್ಚಿಸುವ ತುರ್ತು ಆಜ್ಞೆ ಹೊರಡಿಸಿತು. ಟೋಕಿಯೊದ ಸುಶಿ ವ್ಯಾಪಾರಿಗಳ ಸಂಘ ಅಧಿಕಾರಿಗಳ ಜತೆ ಮಾತಾಡಿ ಒಂದು ದಾರಿ ಹುಡುಕಿತು. ಗಿರಾಕಿ ತನ್ನ ಪಡಿತರದಿಂದ ಒಂದು ಗೋ ಅಕ್ಕಿ, ಎಂದರೆ ಸುಮಾರು 150 ಗ್ರಾಂ, ತಂದುಕೊಡಬೇಕು. ಅಂಗಡಿಯವರು ಮಜೂರಿ ಪಡೆದು ಅದಕ್ಕೆ ಬದಲಾಗಿ ಹತ್ತು ತುಂಡು ಸುಶಿ ಮಾಡಿಕೊಡಬೇಕು. ಕಾಗದದ ಮೇಲೆ ಅದು ಹೋಟೆಲ್ ಅಲ್ಲ, ಅಕ್ಕಿಯನ್ನು ಸಂಸ್ಕರಿಸುವ ಘಟಕ. ಈ ಉಪಾಯ ಬೇರೆ ಪ್ರಾಂತ್ಯಗಳಿಗೂ ಹಬ್ಬಿ, ಬೇರೆ ಬೇರೆ ಊರುಗಳ ತಮ್ಮದೇ ಬಗೆಯ ಸುಶಿಗಳ ನಡುವೆ ಟೋಕಿಯೊದ ನಿಗಿರಿಯೇ ದೇಶದ ಸುಶಿಯಾಗಿ ನಿಂತಿತು. ಅದಕ್ಕೂ ಮೊದಲು 1923ರ ಭೂಕಂಪ ಟೋಕಿಯೊವನ್ನು ನೆಲಸಮ ಮಾಡಿದಾಗ ಕೆಲಸ ಕಳೆದುಕೊಂಡ ಬಾಣಸಿಗರು ತಮ್ಮ ತಮ್ಮ ಊರಿಗೆ ಮರಳಿ ಬೀಜ ಬಿತ್ತಿದ್ದರು. ಯುದ್ಧದ ಆಸುಪಾಸಿನಲ್ಲಿ ಬೀದಿ ಗಾಡಿಗಳು ಮಾಯವಾದವು. ಗಾಡಿಯ ಹಲಗೆ ಒಳಗೆ ಬಂದು ಕೌಂಟರ್ ಆಯಿತು.

1,200 ಯೆನ್‌ಗೆ ಇದು ಹೇಗೆ ಕೈಗೂಡುತ್ತದೆ? ಲೆಕ್ಕವನ್ನು ನಾನು ತೈಶೋ ಅವರ ಹೆಂಡತಿಯ ಬಾಯಿಂದಲೇ ಕೇಳಿದೆ. ಅಂಗಡಿಯ ಒಡತಿಯನ್ನು ಒಕಾಮಿ-ಸಾನ್ ಎಂದು ಗೌರವದಿಂದ ಕರೆಯುವುದು ರೂಢಿ. ಹಣಕಾಸು ಪೂರಾ ಅವರ ಕೈಯಲ್ಲಿ. ಮೊದಲನೆಯದು, ಬಾಡಿಗೆ ಇಲ್ಲ, ಮನೆ ಸ್ವಂತದ್ದು. ಸಂಬಳವೂ ಇಲ್ಲ, ಕೆಲಸ ಮಾಡುವವರು ಗಂಡ ಹೆಂಡತಿ ಇಬ್ಬರೇ. ಅದಕ್ಕಿಂತ ಮುಖ್ಯವಾದದ್ದು ಮೀನಿನ ಬಳಕೆ. ಸಂಜೆಯ ಗಿರಾಕಿ ಬಿಡಿಯಾಗಿ ಕೇಳಿ ತಿನ್ನುತ್ತಾರೆ, ಸಾಕೆ ಕುಡಿಯುತ್ತಾರೆ, ಲಾಭ ಅಲ್ಲಿದೆ. ಸಂಜೆಗೆಂದು ಟ್ಯೂನಾದ ಗಟ್ಟಿಯನ್ನು ಅಚ್ಚುಕಟ್ಟಾಗಿ ಕೊಯ್ಯುವಾಗ ಅಂಚು, ತುದಿ, ನರವಿರುವ ಭಾಗ ಉಳಿಯುತ್ತವೆ. ಅವು ಮಧ್ಯಾಹ್ನದ ಚಿರಾಶಿಗೆ ಹೋಗುತ್ತವೆ: ಹುಳಿಯನ್ನದ ಮೇಲೆ ಮೀನಿನ ತುಂಡುಗಳನ್ನು ಹರಡಿ ಕೊಡುವ ಬಟ್ಟಲೂಟ. ಮುಳ್ಳಿಗೆ ಅಂಟಿದ ಮಾಂಸವನ್ನು ಚಿಪ್ಪಿನಿಂದ ಕೆರೆದು ಈರುಳ್ಳಿ ಸೊಪ್ಪಿನ ಜತೆ ಸುರುಳಿಯೊಳಗೆ ಇಡುತ್ತಾರೆ. ಮೀನಿನ ತಲೆ, ಮುಳ್ಳು ಮಿಸೊ ಸಾರಿಗೆ. ಬಿಸಾಡುವುದು ಬಹಳ ಕಡಿಮೆ.

ತಟ್ಟೆಯೊಳಗೂ ಒಂದು ಹೊಂದಾಣಿಕೆ ನಡೆಯುತ್ತದೆ. ಟ್ಯೂನಾದಿಂದ ಅಂಗಡಿಗೆ ಉಳಿಯುವುದು ಅಷ್ಟಕ್ಕಷ್ಟೇ. ಮೊಟ್ಟೆ, ಸೌತೆಕಾಯಿ ಸುರುಳಿ, ಬೊಂಡಾಸ್, ಸೋರೆಕಾಯಿ ಸುರುಳಿಯಿಂದ ಚೆನ್ನಾಗಿ ಉಳಿಯುತ್ತದೆ. ಒಂದರ ನಷ್ಟವನ್ನು ಇನ್ನೊಂದು ಹೊರುವಂತೆ ಏಳು ನಿಗಿರಿ ಜೋಡಿಸುವುದರಲ್ಲೇ ಅಂಗಡಿಯ ಜಾಣತನ. ಹಾಗಾಗಿ ಅಲ್ಲಿ ಅಗ್ಗವಾಗಿ ತಿನ್ನಬೇಕೆಂದರೆ ಆಯ್ಕೆಯನ್ನು ತೈಶೋಗೇ ಬಿಡಬೇಕು. ಊಟದ ಶ್ರೇಣಿಗಳು ಮೂರು. ಕೆಲವೆಡೆ ಸಾಮಾನ್ಯ, ಮೇಲ್ದರ್ಜೆ, ವಿಶೇಷ ಎಂದು ಬರೆದಿರುತ್ತದೆ, ಇನ್ನು ಕೆಲವೆಡೆ ಪ್ಲಮ್, ಬಿದಿರು, ಪೈನ್ ಎಂದು ಮರಗಳ ಹೆಸರು. ಕಡಿಮೆಯದ್ದನ್ನು ಕೇಳಲು ಯಾರೂ ಸಂಕೋಚಪಡಬೇಕಿಲ್ಲ. ಪಕ್ಕದ ಕಟ್ಟಡದ ವೈದ್ಯರೂ ತರಕಾರಿ ಅಂಗಡಿಯಾತನೂ ಅದನ್ನೇ ತಿನ್ನುತ್ತಾರೆ.

ಕಳೆದ ಕೆಲವು ವರ್ಷಗಳಲ್ಲಿ ಈ ಲೆಕ್ಕ ಬಿಗಿಯಾಗಿದೆ. 2025ರ ವಸಂತದ ಹೊತ್ತಿಗೆ ಜಪಾನಿನಲ್ಲಿ ಅಕ್ಕಿಯ ಬೆಲೆ ಹಿಂದಿನ ವರ್ಷದ ಇಮ್ಮಡಿಯಾಗಿ, 5 ಕಿಲೊ ಚೀಲ 4,000 ಯೆನ್ ದಾಟಿತು. ಸರ್ಕಾರ ತನ್ನ ತುರ್ತು ದಾಸ್ತಾನಿನ ಅಕ್ಕಿಯನ್ನು ಮಾರುಕಟ್ಟೆಗೆ ಬಿಡಬೇಕಾಯಿತು. ಅಗ್ಗದ ಅಕ್ಕಿಗೆ ಬದಲಾಯಿಸುವುದೋ, ತುತ್ತನ್ನು ಕಿರಿದು ಮಾಡುವುದೋ, ಬೆಲೆ ಏರಿಸುವುದೋ ಎಂಬ ಮೂರರಲ್ಲಿ ಒಕಾಮಿ-ಸಾನ್ ಕೊನೆಯದನ್ನು ಆರಿಸಿಕೊಂಡು ಹಲಗೆಯ ಮೇಲೆ 100 ಯೆನ್ ಹೆಚ್ಚಿಸಿದರು. ಸರಿಯಾದ ನಿರ್ಧಾರ ಎಂದು ನನ್ನ ಅನಿಸಿಕೆ. ಅನ್ನ ಕೆಟ್ಟರೆ ಅಂಗಡಿಯಲ್ಲಿ ಉಳಿಯುವುದೇನು?

ಎದೊಗಾವಾ ವಾರ್ಡಿನ ಹೆಸರು ಕನ್ನಡಿಗರಿಗೆ ತೀರಾ ಅಪರಿಚಿತವಲ್ಲ. ಇಲ್ಲಿನ ನಿಶಿ-ಕಸಾಯಿಯನ್ನು ಟೋಕಿಯೊದ ಪುಟ್ಟ ಭಾರತ ಎನ್ನುತ್ತಾರೆ. 2000ನೇ ಇಸವಿಯ ಕಂಪ್ಯೂಟರ್ ತೊಡಕನ್ನು ಸರಿಪಡಿಸಲೆಂದು ಬಂದ ಭಾರತೀಯ ಎಂಜಿನಿಯರುಗಳು ಇಲ್ಲಿ ನೆಲೆ ನಿಂತರು. ಬೆಂಗಳೂರಿನಿಂದ ಬಂದವರೂ ಅವರಲ್ಲಿದ್ದಾರೆ. ಅವರು ಓಡಾಡುವ ಈ ನೆಲದ ಒಂದಷ್ಟು ಭಾಗ ಹಿಂದೆ ಸಮುದ್ರವಾಗಿತ್ತು. ಆಳವಿಲ್ಲದ ಆ ಕಡಲಿನಲ್ಲಿ ಕೋಲು ನೆಟ್ಟು, ಸುಶಿ ಸುರುಳಿಗೆ ಸುತ್ತುವ ನೋರಿ ಎಂಬ ಸಮುದ್ರಪಾಚಿ ಬೆಳೆಯುತ್ತಿದ್ದರು, ಕಸಾಯಿ ನೋರಿ ಎಂದೇ ಅದಕ್ಕೆ ಹೆಸರು. ಚಳಿಗಾಲದ ನಸುಕಿನಲ್ಲಿ ಹೆಂಗಸರು ತಣ್ಣೀರಿನಲ್ಲಿ ಪಾಚಿ ಕೊಚ್ಚಿ, ಚಾಪೆಯ ಮೇಲೆ ಕಾಗದದಂತೆ ತೆಳ್ಳಗೆ ಹರಡಿ ಬಿಸಿಲಿಗೆ ಇಡುತ್ತಿದ್ದರು. 1962ರಲ್ಲಿ ಟೋಕಿಯೊದ ಮೀನುಗಾರರು ಕೊಲ್ಲಿಯ ಮೇಲಿನ ತಮ್ಮ ಹಕ್ಕನ್ನು ಬಿಟ್ಟುಕೊಟ್ಟರು, ಕಡಲಿಗೆ ಮಣ್ಣು ತುಂಬಿತು. ಮೆಟ್ರೊ ನಿಲ್ದಾಣ ಬಂದದ್ದು 1979ರಲ್ಲಿ.

ನೋರಿಯ ವಿಷಯ ಬಂದಾಗ ಹೇಳದೆ ಬಿಡಲಾಗದ ಹೆಸರು ಕ್ಯಾಥ್ಲೀನ್ ಡ್ರೂ-ಬೇಕರ್. ಈ ಪಾಚಿ ಬೇಸಿಗೆಯಲ್ಲಿ ಎಲ್ಲಿ ಅಡಗುತ್ತದೆ ಎಂಬುದು ಜಪಾನಿನ ಬೆಳೆಗಾರರಿಗೆ ತಿಳಿದಿರಲಿಲ್ಲ. ಅದೃಷ್ಟವಿದ್ದ ವರ್ಷ ಬೆಳೆ, ಇಲ್ಲದ ವರ್ಷ ಬರಿಗೈ. ಇಂಗ್ಲೆಂಡಿನ ಈ ಸಸ್ಯವಿಜ್ಞಾನಿ ತನ್ನ ನಾಡಿನ ಕಡಲಿನ ಅದೇ ಕುಲದ ಪಾಚಿಯನ್ನು ಅಭ್ಯಾಸ ಮಾಡಿ, ಅದು ಚಿಪ್ಪುಗಳೊಳಗೆ ಸೂಕ್ಷ್ಮ ಎಳೆಯಾಗಿ ಬದುಕುತ್ತದೆಂದು ಕಂಡುಕೊಂಡು 1949ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿಂದ ನೋರಿಯನ್ನು ಬಿತ್ತಿ ಬೆಳೆಯುವುದು ಸಾಧ್ಯವಾಯಿತು, ಅಗ್ಗವೂ ಆಯಿತು. ಆಕೆ ಒಮ್ಮೆಯೂ ಜಪಾನಿಗೆ ಬರದೆ 1957ರಲ್ಲಿ ತೀರಿಕೊಂಡರು. ಕುಮಾಮೊತೊ ಪ್ರಾಂತ್ಯದ ಉತೊದಲ್ಲಿ, ಅರಿಯಾಕೆ ಕಡಲಿಗೆ ಎದುರಾಗಿ, ಬೆಳೆಗಾರರು 1963ರಲ್ಲಿ ಆಕೆಗೆ ಸ್ಮಾರಕ ಕಟ್ಟಿದರು. ಪ್ರತಿ ವರ್ಷ ಏಪ್ರಿಲ್ 14ರಂದು ಅಲ್ಲಿ ಪೂಜೆ ಸಲ್ಲುತ್ತದೆ. 1,200 ಯೆನ್ ಊಟದ ಸುರುಳಿಗೂ ಆಕೆಯ ಋಣವಿದೆ.

ನಿಶಿ-ಕಸಾಯಿಯ ಕನ್ನಡದ ಮನೆಗಳಲ್ಲಿ ಸಸ್ಯಾಹಾರಿಗಳೂ ಇದ್ದಾರೆ. ಸುಶಿ ಅಂಗಡಿ ತಮಗಲ್ಲ ಎಂದು ಅವರು ಅಂದುಕೊಳ್ಳುವುದು ಸಹಜ. ಆದರೆ ಕೇರಿಯ ಅಂಗಡಿಯಲ್ಲಿ ಅವರಿಗೂ ಊಟವಿದೆ: ಸೌತೆಕಾಯಿಯ ಕಪ್ಪಾ-ಮಾಕಿ, ಹಳದಿ ಮೂಲಂಗಿ ಉಪ್ಪಿನಕಾಯಿಯ ಸುರುಳಿ, ಉಪ್ಪು ಹಾಕಿದ ಉಮೆ ಹಣ್ಣು ಮತ್ತು ಶಿಸೊ ಎಲೆಯದು, ಹುದುಗಿಸಿದ ಸೋಯಾಬೀನಿನ ನಾಟೊ. ಇವೆಲ್ಲಕ್ಕಿಂತ ನನಗೆ ಹಿಡಿಸುವುದು ಕನ್‌ಪ್ಯೋ. ಅದು ನಮ್ಮ ಸೋರೆಕಾಯಿಯ ಜಾತಿಯೇ. ತೊಚಿಗಿ ಪ್ರಾಂತ್ಯದಲ್ಲಿ ಬೇಸಿಗೆಯಲ್ಲಿ ಗುಂಡು ಸೋರೆಯ ತಿರುಳನ್ನು ಉದ್ದುದ್ದ ಪಟ್ಟಿಯಾಗಿ ಹೆರೆದು ಒಣಗಿಸುತ್ತಾರೆ. ಜಪಾನಿನ ಕನ್‌ಪ್ಯೋ ಬಹುಪಾಲು ಅಲ್ಲಿಯದೇ. ಅಂಗಡಿಯಲ್ಲಿ ಅದನ್ನು ಉಪ್ಪು ಹಾಕಿ ತಿಕ್ಕಿ, ನೆನೆಸಿ, ಬೇಯಿಸಿ, ಸೋಯಾ ಸಾಸು ಸಕ್ಕರೆಯಲ್ಲಿ ಕಂದು ಬಣ್ಣ ಬರುವ ತನಕ ಸಣ್ಣ ಉರಿಯಲ್ಲಿ ಬತ್ತಿಸುತ್ತಾರೆ. ಟೋಕಿಯೊದ ಹಳಬರು ಬರೀ ನೋರಿ-ಮಾಕಿ ಎಂದರೆ ಅದು ಕನ್‌ಪ್ಯೋ ಸುರುಳಿಯೇ.

ಗೆಳೆಯನೊಬ್ಬನ ತಾಯಿ ಹಾಸನದಿಂದ ಬಂದಿದ್ದಾಗ ಒಂದು ಮಧ್ಯಾಹ್ನ ನಾವು ಮೂವರೂ ಕೌಂಟರಿನಲ್ಲಿ ಕೂತಿದ್ದೆವು. ಕನ್‌ಪ್ಯೋ ಬೇಯಿಸುವಾಗ ಮೀನಿನ ಸಾರು ಹಾಕುತ್ತೀರಾ ಎಂದು ಮೊದಲೇ ವಿಚಾರಿಸಿದೆವು. ಇಲ್ಲ, ಸಕ್ಕರೆ ಮತ್ತು ಸೋಯಾ ಸಾಸು ಅಷ್ಟೇ ಎಂದರು ತೈಶೋ. ಹೀಗೆ ಕೇಳುವುದು ಅಗತ್ಯ, ಏಕೆಂದರೆ ಕೆಲವು ಅಂಗಡಿಗಳಲ್ಲಿ ಕನ್‌ಪ್ಯೋಗೂ ಇನಾರಿ ಸುಶಿಯ ತೋಫು ಚೀಲಕ್ಕೂ ಒಣಮೀನಿನ ದಾಶಿ ಸಾರು ಬೀಳುತ್ತದೆ, ಮೊಟ್ಟೆಗಂತೂ ಬೀಳುತ್ತದೆ. ಗೆಳೆಯನ ತಾಯಿ ಒಂದು ತುಂಡು ಬಾಯಿಗಿಟ್ಟು, ನಿಧಾನವಾಗಿ ಅಗಿದು, ಮಗನ ಕಡೆ ತಿರುಗಿದರು. “ಸೋರೆಕಾಯಿ ಅಲ್ವೇನೋ ಇದು? ಒಣಗಿಸಿಟ್ಟಿದ್ದಾರೆ ಕಣೋ.” ಮಗ ಅದನ್ನು ಜಪಾನಿಯಲ್ಲಿ ಹೇಳಿದ. ತೈಶೋ ಒಳಗೆ ಹೋಗಿ ಒಣಗಿದ ಕನ್‌ಪ್ಯೋ ಕಟ್ಟು ತಂದು ಅವರ ಕೈಗೆ ಕೊಟ್ಟರು. ಅವರು ಅದನ್ನು ಮೂಸಿ, ಒಂದು ಎಳೆ ಎಳೆದು ನೋಡಿ, ಎಷ್ಟು ದಿನ ಬಿಸಿಲು ಬೇಕು ಎಂದು ವಿಚಾರಿಸಿದರು. ಆಮೇಲೆ ಇನ್ನೊಂದು ಸುರುಳಿ ತಿಂದರು.

ಹಸಿ ಮೀನಿನ ಬಗ್ಗೆ ನಮ್ಮವರಿಗೆ ಇರುವ ಅಂಜಿಕೆ ಆಧಾರವಿಲ್ಲದ್ದಲ್ಲ. ಕಡಲ ಮೀನುಗಳಲ್ಲಿ ಅನಿಸಾಕಿಸ್ ಎಂಬ ಎಳೆಹುಳು ಇರುತ್ತದೆ. ವಿನೆಗರ್ ಅದನ್ನು ಕೊಲ್ಲುವುದಿಲ್ಲ. ಕೊಲ್ಲುವುದು ಬೆಂಕಿ ಅಥವಾ ಆಳವಾದ ಶೀತ. ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಡಬೇಕೆಂಬುದು ಅಮೆರಿಕದ ಆಹಾರ ಇಲಾಖೆಯ ಮಾರ್ಗಸೂಚಿ. ದೂರದ ಕಡಲಿನ ಟ್ಯೂನಾ ಹಡಗಿನಲ್ಲೇ ಮೈನಸ್ 60 ಡಿಗ್ರಿಯಲ್ಲಿ ಕಲ್ಲಾಗಿ ಬರುತ್ತದೆ. ಕೇರಿಯ ಅಂಗಡಿಯಲ್ಲಿ ಮೀನನ್ನು ಬೆಳಕಿಗೆ ಹಿಡಿದು ಹುಳು ಹುಡುಕುವ ಕಣ್ಣೂ ‘ಕೆಲಸ’ದ ಒಂದು ಭಾಗ. ಸಾಲ್ಮನ್ ಕತೆ ಇದಕ್ಕೇ ಸೇರಿದ್ದು. ಜಪಾನಿನ ಸುತ್ತಲಿನ ಸಾಲ್ಮನ್‌ನಲ್ಲಿ ಹುಳು ಹೆಚ್ಚೆಂದು ಅದನ್ನು ಅವರು ಹಸಿಯಾಗಿ ತಿನ್ನುತ್ತಿರಲಿಲ್ಲ. 1980ರ ದಶಕದ ನಡುವೆ ನಾರ್ವೆ ತನ್ನ ಸಾಕಣೆಯ ಸಾಲ್ಮನ್ ಮಾರಲು ಜಪಾನಿನಲ್ಲಿ ದೊಡ್ಡ ಅಭಿಯಾನ ಹೂಡಿತು. ವರ್ಷಗಟ್ಟಲೆ ಯಾರೂ ಕಿವಿಗೊಡಲಿಲ್ಲ. ಈಗ ಮಕ್ಕಳು ಕೌಂಟರಿಗೆ ಬಂದು ಮೊದಲು ಕೇಳುವುದೇ ಅದನ್ನು. ನಮ್ಮ ತೈಶೋ ಬಹುಕಾಲ ತಡೆದು ಕೊನೆಗೆ ತರಿಸತೊಡಗಿದರು.

ಮಕ್ಕಳಿಗೆ ಆ ರುಚಿ ಹತ್ತಿಸಿದ್ದು ತಿರುಗುವ ಪಟ್ಟಿಯ ಸುಶಿ. ಯೊಶಿಯಾಕಿ ಶಿರಾಯಿಶಿ ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಪಟ್ಟಿಯ ಮೇಲೆ ಸಾಗುವುದನ್ನು ಕಂಡು, 1958ರಲ್ಲಿ ಒಸಾಕಾ ಬಳಿ ತಟ್ಟೆಗಳನ್ನು ಹಾಗೆಯೇ ಸಾಗಿಸುವ ಅಂಗಡಿ ತೆರೆದರು. 1970ರ ಒಸಾಕಾ ಜಾಗತಿಕ ಮೇಳದ ನಂತರ ಅದು ದೇಶವೆಲ್ಲ ಹಬ್ಬಿತು. ತಟ್ಟೆಗೆ 100 ಯೆನ್ ಎಂಬ ಬೆಲೆ ದಶಕಗಳ ಕಾಲ ನಡೆಯಿತು. 2022ರ ಅಕ್ಟೋಬರಿನಲ್ಲಿ ಸುಶಿರೊ ಸರಣಿಯೂ ಅದನ್ನು ಕೈಬಿಟ್ಟಿತು. ಅಲ್ಲಿ ಅನ್ನ ಒತ್ತುವುದು ಯಂತ್ರ. ಮನೆಮಂದಿಯೆಲ್ಲ ಹೋಗಿ ತಿಂದು ಬರಲು ಅದು ಒಳ್ಳೆಯ ಜಾಗ, ನಾನೂ ಹೋಗುತ್ತೇನೆ. ಆದರೆ ಅಲ್ಲಿ ಕೊಹಾದಕ್ಕೆ ಎಷ್ಟು ಉಪ್ಪು ಬಿದ್ದಿತ್ತೆಂದು ಕೇಳಲು ಎದುರಿಗೆ ಯಾರೂ ಇರುವುದಿಲ್ಲ. ಸರಣಿ ಅಂಗಡಿಗಳ ಬೆಲೆಯ ಮುಂದೆ, ಮತ್ತು ಮಕ್ಕಳು ಕಸುಬಿಗೆ ಬಾರದೆ, ಕೇರಿಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಇದು ನನಗೆ ನಿಜವಾದ ನೋವಿನ ಸಂಗತಿ. ಈ ಬೀದಿಯಲ್ಲೇ ಹಿಂದೆ ಇನ್ನೊಂದಿತ್ತು ಎಂದು ಒಕಾಮಿ-ಸಾನ್ ಹೇಳುತ್ತಾರೆ.

ಟೋಕಿಯೊಗೆ ಹೋಗುವವರಿಗೆ ಕೆಲವು ಮಾತು. ನೋರೆನ್ ಹೊರಗೆ ತೂಗುತ್ತಿದ್ದರೆ ಅಂಗಡಿ ತೆರೆದಿದೆ ಎಂದರ್ಥ. ಹನ್ನೆರಡರ ನೂಕುನುಗ್ಗಲು ಕಳೆದು, ಒಂದು ಗಂಟೆಯ ಮೇಲೆ ಹೋದರೆ ತೈಶೋಗೆ ಮಾತಾಡಲು ಬಿಡುವಿರುತ್ತದೆ. ಗಾಢ ಸುಗಂಧ ಹಚ್ಚಿಕೊಂಡು ಹೋಗಬೇಡಿ. ಪಕ್ಕದವರ ಅನ್ನದ ಪರಿಮಳವೂ ಕೆಡುತ್ತದೆ. ಕೈಯಲ್ಲೇ ತಿನ್ನಬಹುದು, ಅದು ಹಳೆಯ ಕ್ರಮವೇ. ಸೋಯಾ ಸಾಸಿಗೆ ಮೀನಿನ ಮಗ್ಗುಲನ್ನು ತಾಗಿಸಿ, ಅನ್ನವನ್ನು ಮುಳುಗಿಸಬೇಡಿ. ವಸಾಬಿ ಬೇಡವಾದರೆ ‘ಸಾಬಿ-ನುಕಿ’ ಎನ್ನಿ. ಮುಂದಿಟ್ಟದ್ದನ್ನು ಫೋಟೊ ತೆಗೆಯುತ್ತಾ ಆರಿಸಬೇಡಿ. ಸಾಮಾನ್ಯ ಊಟ ಮುಗಿದ ಮೇಲೆ ಹೊಟ್ಟೆಯಲ್ಲಿ ಜಾಗವಿದ್ದರೆ ಬಿಡಿಯಾಗಿ ಎರಡು ಕೇಳಿ: ಮೀನು ತಿನ್ನುವವರು ಕೊಹಾದ, ಎಲ್ಲರೂ ಕನ್‌ಪ್ಯೋ ಸುರುಳಿ. ಬೆಲೆಯ ಜಾಗದಲ್ಲಿ ‘ಜಿಕಾ’ ಎಂದಿದ್ದರೆ ಅಂದಿನ ಮಾರುಕಟ್ಟೆ ದರ ಎಂದರ್ಥ. ಮೊದಲೇ ಎಷ್ಟೆಂದು ಕೇಳಿಬಿಡುವುದು ಒಳ್ಳೆಯದು, ಯಾರೂ ತಪ್ಪು ತಿಳಿಯುವುದಿಲ್ಲ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಇಂಥ ಸಣ್ಣ ಅಂಗಡಿಗಳಲ್ಲಿ ಕಾರ್ಡ್ ಎಷ್ಟೋ ಕಡೆ ನಡೆಯದು, ನಗದು ಜೇಬಿನಲ್ಲಿರಲಿ.